ಮಂಗ ಸತ್ತ ದಿನವೇ ಕೆಲಸ ಶುರುವಾಗಬೇಕು

ಜನವರಿಯ ಒಂದು ಬೆಳಿಗ್ಗೆ. ಮಲೆನಾಡಿನ ಒಂದು ಮನೆಯ ಜಗಲಿಯಲ್ಲಿ ಆಶಾ ಕಾರ್ಯಕರ್ತೆ ಬಂದು ಕೂತಿದ್ದರು. ಕೈಯಲ್ಲಿ ಡೆಪಾ ಎಣ್ಣೆಯ ಸಣ್ಣ ಬಾಟಲಿ, ಮಂಗನ ಕಾಯಿಲೆ ತರುವ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ. ಮನೆಯ ಹಿರಿಯಮ್ಮ ಸೊಂಟಕ್ಕೆ ಕತ್ತಿ ಸಿಕ್ಕಿಸಿ, ತಲೆಗೆ ಟವೆಲ್ ಸುತ್ತಿ, ಸೊಪ್ಪಿನ ಬೆಟ್ಟಕ್ಕೆ ಹೊರಟು ನಿಂತಿದ್ದರು.

‘ಅಮ್ಮಾ, ಒಂದ್ನಿಮಿಷ. ಕೈಗೆ, ಕಾಲಿಗೆ ಹಚ್ಕೊಂಡು ಹೋಗಿ.’

‘ಅದರ ವಾಸನೆಗೆ ನಂಗೆ ತಲೆ ನೋಯ್ತದೆ ಮಾರಾಯ್ತಿ. ಬಂದು ಬಿಸಿನೀರು ಹೊಯ್ಕೊಂಡ್ರಾಯ್ತು.’

‘ಸ್ನಾನನೂ ಮಾಡಿ, ಎಣ್ಣೆನೂ ಹಚ್ಚಿ. ಉಣುಗು ಕಚ್ಚಿದ ಮೇಲೆ ಹಚ್ಚಿ ಏನು ಬಂತು?’

ಇಷ್ಟು ಹೇಳಿ ಅವರು ಹಿರಿಯಮ್ಮನ ಒಪ್ಪಿಗೆಗೆ ಕಾಯಲಿಲ್ಲ. ತಾವೇ ಬಗ್ಗಿ ಮೊಣಕಾಲಿನ ಕೆಳಗೆ, ಮೀನಖಂಡಕ್ಕೆ, ಕಾಲ್ಬೆರಳ ಸಂದಿಗೆ ಎಣ್ಣೆ ಸವರಿದರು. ಆಮೇಲೆ ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಉಳಿದಿದೆ ಅಂತ ನೋಡಿದರು. ಇನ್ನೂ ಏಳೆಂಟು ಮನೆ ಬಾಕಿ ಇತ್ತು.

ಮಾರಕ ಸೋಂಕು ರೋಗ ತಡೆಯುವುದು ಅಂದ ಕೂಡಲೇ ನಮಗೆಲ್ಲ ಕೋವಿಡ್ ಕಾಲದ ಚಿತ್ರ ನೆನಪಾಗುತ್ತದೆ. ಬಿಳಿ ಕವಚ ತೊಟ್ಟವರು, ಆಂಬುಲೆನ್ಸ್, ಐಸಿಯು. ಆದರೆ ಆರೋಗ್ಯ ಇಲಾಖೆಯ ಕೆಳಹಂತದಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿ ನೋಡಿ. ಅವರ ಮಾತು ಯಾವಾಗಲೂ ರೋಗ ಬರುವ ಮುಂಚಿನ ತಿಂಗಳುಗಳ ಬಗ್ಗೆಯೇ ಇರುತ್ತದೆ. ಎಣ್ಣೆ ಯಾವಾಗ ಬಂತು, ಮಂಗ ಸತ್ತ ಸುದ್ದಿ ಯಾವಾಗ ಸಿಕ್ಕಿತು, ರಕ್ತದ ರಿಪೋರ್ಟ್ ಎಷ್ಟು ದಿನಕ್ಕೆ ಬಂತು. ಅವರ ಲೆಕ್ಕವೆಲ್ಲ ದಿನಗಳ ಲೆಕ್ಕ. ಮಂಗನ ಕಾಯಿಲೆಯ ವಿಷಯದಲ್ಲಿ ಈ ಲೆಕ್ಕ ಎಷ್ಟು ಸರಿ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡೋಣ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬಿದ್ದವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಗಳಲ್ಲಿ ಜನರಿಗೆ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಅದೇ ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿತೇ ಅನ್ನೋದು ಮೊದಲ ಭಯವಾಗಿತ್ತು. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಹೊಸ ವೈರಸ್. ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ವೈರಸ್‌ಗೆ ಇದು ಹತ್ತಿರದ ಸಂಬಂಧಿ. ಹಾಗಾಗಿ ವಲಸೆ ಹಕ್ಕಿಗಳು ಇದನ್ನು ಹೊತ್ತು ತಂದಿರಬಹುದಾ ಅಂತಲೂ ಹುಡುಕಿದರು. ಪಕ್ಷಿತಜ್ಞ ಸಲೀಂ ಅಲಿ ಅವರ ತಂಡ ಹಕ್ಕಿಗಳ ಕಾಲಿಗೆ ಉಂಗುರ ಹಾಕುವ ಕೆಲಸಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಹಣ ಸಿಕ್ಕಿದ್ದು ಈ ಕಾರಣಕ್ಕೇ. ಕೊನೆಗೆ ಕಾಯಿಲೆಗೆ ಕಾಡಿನ ಹೆಸರೇ ಉಳಿಯಿತು: ಕ್ಯಾಸನೂರು ಕಾಡಿನ ಕಾಯಿಲೆ, ಚಿಕ್ಕದಾಗಿ ಕೆಎಫ್‌ಡಿ. ಊರವರ ಬಾಯಲ್ಲಿ ಅದು ಮಂಗನ ಕಾಯಿಲೆ.

ಪಾಪ, ಮಂಗನ ತಪ್ಪು ಇದರಲ್ಲಿ ಏನೂ ಇಲ್ಲ. ವೈರಸ್ ಕಾಡಿನ ಇಲಿ, ಮೂಗಿಲಿಯಂಥ ಸಣ್ಣ ಪ್ರಾಣಿಗಳಲ್ಲಿ, ಅವುಗಳ ಮೈಮೇಲಿನ ಉಣುಗುಗಳಲ್ಲಿ ಸುಮ್ನೆ ಓಡಾಡಿಕೊಂಡಿರುತ್ತದೆ. ಮಂಗಕ್ಕೂ ಮುಸಿಯಕ್ಕೂ ಅದು ತಗುಲಿದರೆ ಮಾತ್ರ ಅವು ನಮಗಿಂತ ಬೇಗ, ನಮಗಿಂತ ಜಾಸ್ತಿ ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಉದುರಿ ಅಲ್ಲೇ ಸುತ್ತಮುತ್ತ ಎಲೆಗಳ ನಡುವೆ ಸೇರಿಕೊಳ್ಳುತ್ತವೆ. ಹೀಗೆ ಮಂಗ ಬಿದ್ದ ಜಾಗವೇ ಸೋಂಕಿನ ಮಡು ಆಗುತ್ತದೆ.

ಉಣುಗಿನ ವರ್ಷವನ್ನು ತಿಳಿದುಕೊಂಡರೆ ಕಾಯಿಲೆಯ ವರ್ಷವೂ ಅರ್ಥವಾಗುತ್ತದೆ. ಮಳೆಗಾಲದಲ್ಲಿ ದೊಡ್ಡ ಉಣುಗುಗಳು ದನಗಳ ಮೈಗೆ ಅಂಟಿ, ರಕ್ತ ಕುಡಿದು, ನೆಲಕ್ಕೆ ಬಿದ್ದು ಮೊಟ್ಟೆ ಇಡುತ್ತವೆ. ಮಳೆ ನಿಂತ ಮೇಲೆ ಮರಿಗಳು. ಚಳಿಗಾಲ ಕಳೆಯುತ್ತಾ ಅವು ಎಳ್ಳಿನ ಗಾತ್ರದ ಎಳೆ ಉಣುಗುಗಳಾಗುತ್ತವೆ. ಮನುಷ್ಯರಿಗೆ ಹೆಚ್ಚಾಗಿ ಕಚ್ಚುವುದು ಇವೇ. ಡಿಸೆಂಬರ್‌ನಿಂದ ಮೇ ತನಕ ಇವುಗಳ ಕಾಲ. ಮಲೆನಾಡಿನ ರೈತನಿಗೂ ಅದೇ ಕೆಲಸದ ಕಾಲ. ಅಡಿಕೆ ಕೊಯ್ಲು ಮುಗಿಯುತ್ತಾ ಬಂದ ಹಾಗೆ ಕೊಟ್ಟಿಗೆಗೆ ಹಾಸಲು, ಗೊಬ್ಬರಕ್ಕೆ, ತೋಟದ ಬುಡಕ್ಕೆ ಮುಚ್ಚಲು ದರಗು ಬೇಕು. ಕಾಡಿನಲ್ಲಿ ಒಣಗಿ ಉದುರಿದ ಎಲೆಯನ್ನು ಗುಡಿಸಿ, ಕಲ್ಲಿಯಲ್ಲಿ ತುಂಬಿ, ಹೊತ್ತು ತಂದು ಮನೆ ಪಕ್ಕ ರಾಶಿ ಹಾಕುತ್ತಾರೆ. ಆ ಎಲೆಯ ಜೊತೆ ಉಣುಗೂ ಅಂಗಳಕ್ಕೆ ಬರುತ್ತದೆ. ಕಾಡಿಗೆ ಕಾಲೇ ಇಡದ ಮುದುಕರಿಗೂ ಕಾಯಿಲೆ ಬಂದಾಗ ಮೊದಲು ನೋಡಬೇಕಾದದ್ದು ಈ ರಾಶಿಯನ್ನೇ.

ಇಲ್ಲಿಗೆ ಆರೋಗ್ಯ ಕಾರ್ಯಕರ್ತರ ಮೊದಲ ತಕರಾರು ಬರುತ್ತದೆ. ‘ಕಾಡಿಗೆ ಹೋಗಬೇಡಿ’ ಅಂತ ಪ್ರತಿ ವರ್ಷ ಕರಪತ್ರ ಹಂಚುತ್ತಾರೆ. ಅದನ್ನು ಮನೆ ಮನೆಗೆ ಕೊಡಬೇಕಾದವರು ಇವರು. ಕೊಡುವಾಗಲೇ ಅವರಿಗೆ ಗೊತ್ತಿರುತ್ತದೆ, ಇದು ನಡೆಯುವ ಮಾತಲ್ಲ ಅಂತ. ದರಗು ತರದಿದ್ದರೆ ತೋಟ ಹೇಗೆ? ಸೌದೆ ತರದಿದ್ದರೆ ಬಚ್ಚಲ ಒಲೆ ಹೇಗೆ? ಕರಪತ್ರ ಬರೆದವರಿಗೆ ಈ ಪ್ರಶ್ನೆ ಯಾರೂ ಕೇಳುವುದಿಲ್ಲ, ಜಗಲಿಯಲ್ಲಿ ಕೂತ ಆಶಾ ಕಾರ್ಯಕರ್ತೆಗೆ ಎಲ್ಲರೂ ಕೇಳುತ್ತಾರೆ. ಹಾಗಾಗಿ ಅವರು ತಮ್ಮದೇ ಭಾಷೆಯಲ್ಲಿ ಬೇರೆ ಸಲಹೆ ಕೊಡುತ್ತಾರೆ. ಹೋಗಿ, ಆದರೆ ಎಣ್ಣೆ ಹಚ್ಚಿ ಹೋಗಿ. ಮೈತುಂಬ ಬಟ್ಟೆ ಹಾಕಿ. ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡಿ, ಮೈಯೆಲ್ಲ ನೋಡಿಕೊಳ್ಳಿ. ದರಗಿನ ರಾಶಿ ಮನೆಯಿಂದ ದೂರ ಹಾಕಿ. ಮಂಗ ಸತ್ತ ಕಡೆಗೆ ಮಾತ್ರ ಈ ವರ್ಷ ಬೇಡ. ಜನ ಒಪ್ಪಿಕೊಳ್ಳುವುದು ಈ ಸಲಹೆಯನ್ನು. ಯಾಕೆಂದರೆ ಬದುಕು ನಿಲ್ಲಿಸದೆ ಪಾಲಿಸಬಹುದಾದ ಸಲಹೆ ಇದು.

ಎಣ್ಣೆಯ ವಿಷಯದಲ್ಲಿ ಅವರ ಅನುಭವ ಇನ್ನೂ ನಿಖರ. ಡೆಪಾ ಅನ್ನೋದು ರಕ್ಷಣಾ ಸಂಶೋಧನಾ ಸಂಸ್ಥೆಯವರು ಸೈನಿಕರಿಗಾಗಿ ತಯಾರಿಸಿದ ಕೀಟ ನಿವಾರಕ. ಅದಕ್ಕಿಂತ ಮುಂಚೆ ಡಿಎಂಪಿ ಎಣ್ಣೆ ಹಂಚುತ್ತಿದ್ದರು. ಎರಡೂ ಸರಿಯಾಗಿ ಹಚ್ಚಿದರೆ ಕೆಲಸ ಮಾಡುತ್ತವೆ. ಆದರೆ ಬೆಟ್ಟ ಹತ್ತಿದವರ ಮೈಯಲ್ಲಿ ಬೆವರು ಇಳಿಯುತ್ತದೆ, ಎಣ್ಣೆಯೂ ಇಳಿಯುತ್ತದೆ. ನಡುವೆ ಮತ್ತೊಮ್ಮೆ ಹಚ್ಚಬೇಕು ಅಂದರೆ ಬಾಟಲಿ ಜೊತೆಗಿರಬೇಕು. ದಿನಾ ಕಾಡಿಗೆ ಹೋಗುವ ನಾಲ್ಕು ಜನರಿರುವ ಮನೆಗೆ ಒಂದು ಬಾಟಲಿ ಎಷ್ಟು ದಿನಕ್ಕೆ ಬಂದೀತು? ಫೆಬ್ರುವರಿಯಲ್ಲಿ ಕೇಸ್ ಬಂದ ಮೇಲೆ ರಾಶಿಗಟ್ಟಲೆ ಎಣ್ಣೆ ಬರುವುದಕ್ಕಿಂತ ನವೆಂಬರ್‌ನಲ್ಲಿ ಅರ್ಧದಷ್ಟು ಬಂದರೂ ಸಾಕು ಅನ್ನೋದು ಅವರ ಮಾತು. ಉಣುಗಿನ ಕ್ಯಾಲೆಂಡರ್ ನೋಡಿದರೆ ಈ ಮಾತಿಗೆ ಎದುರಾಡಲು ಆಗುವುದಿಲ್ಲ.

ಈಗ ಮಂಗದ ಸುದ್ದಿಗೆ ಬರೋಣ. ನನ್ನ ಅಭಿಪ್ರಾಯದಲ್ಲಿ ಇಡೀ ವ್ಯವಸ್ಥೆ ಗಟ್ಟಿಯೋ ಟೊಳ್ಳೋ ಅನ್ನೋದು ಗೊತ್ತಾಗುವುದು ಇಲ್ಲೇ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಮೊದಲು ನೋಡುವುದು ದನ ಕಾಯುವವರು, ಸೊಪ್ಪಿಗೆ ಹೋದವರು, ಅರಣ್ಯ ಇಲಾಖೆಯ ವಾಚರ್. ಕೆಲವೊಮ್ಮೆ ವಾಸನೆ ಬಂದ ಮೇಲೆ ಹುಡುಕಿ ಹೋಗುತ್ತಾರೆ. ಅವರು ಆಶಾ ಕಾರ್ಯಕರ್ತೆಗೋ ಪಂಚಾಯಿತಿಗೋ ಹೇಳಬೇಕು. ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಪಶು ವೈದ್ಯರಿಗೆ, ಅರಣ್ಯ ಕಚೇರಿಗೆ ಸುದ್ದಿ ಹೋಗಬೇಕು. ಪಶು ವೈದ್ಯರು ಕೊಯ್ದು ಮಾದರಿ ತೆಗೆಯಬೇಕು, ಅದೂ ಮೈಗೆ ಪೂರ್ತಿ ರಕ್ಷಣೆ ಹಾಕಿಕೊಂಡು. ಆಮೇಲೆ ದೇಹವನ್ನು ಸುಡಬೇಕು. ಸುತ್ತಲಿನ ಜಾಗಕ್ಕೆಲ್ಲ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಬೇಕು. ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಆರೋಗ್ಯ, ಪಶುಪಾಲನೆ, ಅರಣ್ಯ, ಪಂಚಾಯಿತಿ ಅಂತ ನಾಲ್ಕು ಕಚೇರಿಗಳ ಜನ ಒಂದೇ ಮಧ್ಯಾಹ್ನ ಒಂದೇ ಮರದ ಕೆಳಗೆ ಸೇರಿದರೆ ಮಾತ್ರ ಇದು ಆಗುತ್ತದೆ. ಒಬ್ಬರು ನಾಳೆ ಬರ್ತೀನಿ ಅಂದರೂ ಅಷ್ಟರಲ್ಲಿ ದೇಹ ಕೊಳೆತಿರುತ್ತದೆ, ಉಣುಗು ಚದುರಿರುತ್ತದೆ.

ಈ ಕೆಲಸ ಕೈತಪ್ಪಿದರೆ ಏನಾಗುತ್ತದೆ ಅನ್ನೋದಕ್ಕೆ 2012ರಲ್ಲಿ ಬಂಡೀಪುರ ಪಾಠ ಹೇಳಿತು. ಅಲ್ಲಿ ಸತ್ತ ಮಂಗಗಳನ್ನು ವಿಲೇವಾರಿ ಮಾಡಿದ ಅರಣ್ಯ ಸಿಬ್ಬಂದಿಗೇ ಕಾಯಿಲೆ ಬಂತು. ಅದಕ್ಕೂ ಮುಂಚೆ ಚಾಮರಾಜನಗರದ ಕಡೆ ಇದು ಗೊತ್ತಿರಲೇ ಇಲ್ಲ. ಶಿವಮೊಗ್ಗದ ವಾಚರ್‌ಗೆ ಗೊತ್ತಿದ್ದ ಎಚ್ಚರಿಕೆ ಬಂಡೀಪುರದ ವಾಚರ್‌ಗೆ ಯಾರೂ ಹೇಳಿರಲಿಲ್ಲ. ಆಮೇಲೆ ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗ ಹೀಗೆ ಪಶ್ಚಿಮ ಘಟ್ಟದ ಉದ್ದಕ್ಕೂ ಕಾಯಿಲೆ ಕಾಣಿಸಿಕೊಂಡಿತು. 2016ರಲ್ಲಿ ಗೋವಾದ ಗೇರು ತೋಟಗಳಿಗೆ ಕೂಲಿಗೆ ಹೋದ ಬೆಳಗಾವಿ ಕಡೆಯವರು ಜ್ವರ ಹೊತ್ತು ಊರಿಗೆ ಮರಳಿದರು. ಮಲೆನಾಡಿನ ಕಾಯಿಲೆ ಅಂತ ಬೇರೆ ಜಿಲ್ಲೆಯವರು ಕೈಬಿಟ್ಟು ಕೂರುವ ಕಾಲ ಮುಗಿದು ಬಹಳ ದಿನ ಆಯಿತು.

ಒಂದು ಮಾತು ಸೇರಿಸಬೇಕು. ಮಂಗ ಸಾಯದೆಯೂ ಮನುಷ್ಯರಿಗೆ ಕಾಯಿಲೆ ಬಂದದ್ದಿದೆ. ಅದಕ್ಕೇ ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಎಳೆದುಕೊಂಡು ಹೋಗಿ, ಅಂಟಿದ ಉಣುಗುಗಳನ್ನು ಹೆಕ್ಕಿ ಪರೀಕ್ಷೆಗೆ ಕಳಿಸುವ ಕೆಲಸವೂ ಇದೆ. ಸುದ್ದಿಯಲ್ಲಿ ಎಂದೂ ಬಾರದ ಕೆಲಸ. ಆದರೆ ಮಂಗ ಸಾಯದ ಕಡೆ, ಯಾವ ಊರಿನ ಸುತ್ತ ವೈರಸ್ ಇದೆ ಅಂತ ಮನುಷ್ಯರು ಜ್ವರ ಬಂದು ಮಲಗುವ ಮುಂಚೆ ಹೇಳಬಲ್ಲದ್ದು ಇದೊಂದೇ.

ಇನ್ನು ಜ್ವರ. ಕಚ್ಚಿ ಮೂರರಿಂದ ಎಂಟು ದಿನಕ್ಕೆ ಇದ್ದಕ್ಕಿದ್ದ ಹಾಗೆ ಜ್ವರ ಏರುತ್ತದೆ. ತಲೆ ಸಿಡಿಯುತ್ತದೆ, ಸೊಂಟ, ಮೀನಖಂಡ ಹಿಂಡಿದ ಹಾಗೆ ನೋವು. ಕೆಲವರಿಗೆ ವಸಡು, ಮೂಗಿನಿಂದ ರಕ್ತ. ಬಹಳ ಜನ ಒಂದೆರಡು ವಾರದಲ್ಲಿ ಸುಧಾರಿಸುತ್ತಾರೆ. ಹತ್ತರಲ್ಲಿ ಒಬ್ಬರಿಬ್ಬರಿಗೆ ವಾಸಿಯಾಯಿತು ಅಂದುಕೊಂಡ ಮೇಲೆ ಜ್ವರ ಮತ್ತೆ ಬರುತ್ತದೆ, ಈ ಸಲ ಮೆದುಳಿನ ಮೇಲೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕಂತಲೇ ಔಷಧಿ ಇಲ್ಲ. ಬೇಗ ಗುರುತಿಸಿ, ನೀರಿನಂಶ ಕಾಪಾಡಿ, ಪ್ಲೇಟ್‌ಲೆಟ್ ನೋಡುತ್ತಾ, ರಕ್ತಸ್ರಾವ ಆದರೆ ಸಂಭಾಳಿಸುವುದೇ ಚಿಕಿತ್ಸೆ. ಆದ್ದರಿಂದ ಬೇಗ ಅನ್ನೋದೇ ಇಲ್ಲಿ ಔಷಧಿ ಇದ್ದ ಹಾಗೆ.

ನಮ್ಮ ಹತ್ತಿರದವರೊಬ್ಬರಿಗೆ ಜ್ವರ ಬಂದಾಗ ಮೂರು ದಿನ ಮೆಡಿಕಲ್ ಅಂಗಡಿಯ ಮಾತ್ರೆಯಲ್ಲೇ ಕಳೆಯಿತು. ಆಮೇಲೆ ಪಟ್ಟಣದ ಒಂದು ಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿ ಡೆಂಗಿ ಪರೀಕ್ಷೆ ಮಾಡಿ, ನೆಗೆಟಿವ್ ಅಂತ ಮನೆಗೆ ಕಳಿಸಿದರು. ಸೊಪ್ಪಿಗೆ ಹೋಗಿದ್ದಿರಾ ಅಂತ ಯಾರೂ ಕೇಳಲಿಲ್ಲ. ಐದನೇ ದಿನ ಮನೆಗೆ ಬಂದ ಆರೋಗ್ಯ ಸಹಾಯಕಿ ಕೇಳಿದ್ದು ಅದೊಂದೇ ಪ್ರಶ್ನೆ. ಅವತ್ತೇ ರಕ್ತ ತೆಗೆಸಿದರು. ಅವರು ಉಳಿದರು. ಆ ಪ್ರಶ್ನೆ ಯಾವ ಯಂತ್ರದಲ್ಲೂ ಇಲ್ಲ. ಆ ಊರನ್ನು ಬಲ್ಲವರ ಬಾಯಲ್ಲಿ ಮಾತ್ರ ಇದೆ. ಊರು ಬಲ್ಲ ಸಿಬ್ಬಂದಿಯನ್ನು ಸೀಸನ್ ನಡುವೆ ವರ್ಗ ಮಾಡುವುದು, ಹುದ್ದೆಯನ್ನು ವರ್ಷಗಟ್ಟಲೆ ಖಾಲಿ ಬಿಡುವುದು ಎಂಥ ನಷ್ಟ ಅಂತ ನನಗೆ ಅರ್ಥವಾದದ್ದು ಅವತ್ತು.

ಕೇರಳದ ನಿಫಾ ಕಥೆಯಲ್ಲೂ ಇದೇ ಗಳಿಗೆ ಇದೆ. 2018ರ ಮೇ ತಿಂಗಳಲ್ಲಿ ಕೋಯಿಕ್ಕೋಡ್ ಜಿಲ್ಲೆಯ ಪೇರಾಂಬ್ರದಲ್ಲಿ ಒಂದು ಮನೆಯ ಯುವಕ ತೀರಿಕೊಂಡ. ಕಾಯಿಲೆ ಏನು ಅಂತ ಗೊತ್ತಾಗಲಿಲ್ಲ. ಅದೇ ಮನೆಯ ಇನ್ನೊಬ್ಬನನ್ನು ಅದೇ ಲಕ್ಷಣಗಳೊಂದಿಗೆ ಕೋಯಿಕ್ಕೋಡ್‌ನ ಆಸ್ಪತ್ರೆಗೆ ತಂದಾಗ ಅಲ್ಲಿನ ವೈದ್ಯರಿಗೆ ಅನುಮಾನ ಬಂತು. ಮಾದರಿ ನಮ್ಮ ಮಣಿಪಾಲದ ವೈರಸ್ ಪ್ರಯೋಗಾಲಯಕ್ಕೆ ಬಂತು. ನಿಫಾ ಅಂತ ಗೊತ್ತಾಯಿತು, ಪುಣೆಯಲ್ಲಿ ಖಚಿತವಾಯಿತು. ಎರಡನೇ ರೋಗಿಯಲ್ಲೇ ಇಂಥ ಕಾಯಿಲೆ ಹಿಡಿದದ್ದು ದೊಡ್ಡ ಸಾಧನೆ. ಆದರೂ ಅಷ್ಟರಲ್ಲಿ ಮೊದಲ ರೋಗಿಯಿಂದಲೇ ಆಸ್ಪತ್ರೆಗಳಲ್ಲಿ ಅನೇಕರಿಗೆ ಹರಡಿ ಆಗಿತ್ತು. ಒಟ್ಟು 17 ಜನ ಸತ್ತರು. ಪೇರಾಂಬ್ರ ತಾಲ್ಲೂಕು ಆಸ್ಪತ್ರೆಯಲ್ಲಿ ಆ ಮೊದಲ ರೋಗಿಯನ್ನು ನೋಡಿಕೊಂಡಿದ್ದ ನರ್ಸ್ ಲಿನಿ ಅವರಲ್ಲಿ ಒಬ್ಬರು. ಏನು ಕಾಯಿಲೆ ಅಂತ ಹೆಸರು ಗೊತ್ತಾಗುವ ಮುಂಚೆಯೇ ಅದರ ಹತ್ತಿರ ಹೋಗಬೇಕಾದವರು ಇವರು. ಕೈಗವಸು, ಮಾಸ್ಕ್ ಹೆಸರು ಗೊತ್ತಾದ ಮೇಲೆ ಬಂದರೆ ಅವರಿಗೆ ತಡವಾಗಿರುತ್ತದೆ.

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ಕಾಯಿಲೆ ಬಂದ ಮನೆಗೆ ಹೋಗಲು ಹೆದರುವವರು ಈಗಲೂ ಇದ್ದಾರೆ. ಅಪಾಯ ಇರುವುದು ಸತ್ತ ಮಂಗ ಮುಟ್ಟುವವರಿಗೆ, ವೈರಸ್ ಜೊತೆ ಕೆಲಸ ಮಾಡುವ ಲ್ಯಾಬ್‌ನವರಿಗೆ.

ಲಸಿಕೆಯ ಕಥೆ ಮಾತ್ರ ಬೇಸರದ ಕಥೆ. ಮೊದಲ ವರ್ಷಗಳಲ್ಲಿ ರಷ್ಯಾದ ಮೆದುಳು ಜ್ವರದ ಲಸಿಕೆಯನ್ನೇ ಇಲ್ಲಿನವರಿಗೆ ಕೊಟ್ಟು ನೋಡಿದರು, ಉಪಯೋಗ ಆಗಲಿಲ್ಲ. ಆಮೇಲೆ ಈ ವೈರಸ್‌ನಿಂದಲೇ ಲಸಿಕೆ ತಯಾರಾಯಿತು. 1990ರಿಂದ ಕೊಡಲು ಶುರು ಮಾಡಿದರು. ಬೆಂಗಳೂರಿನ ಹೆಬ್ಬಾಳದ ಪಶು ಜೈವಿಕ ಸಂಸ್ಥೆಯಲ್ಲಿ ಅದು ತಯಾರಾಗುತ್ತಿತ್ತು. ಆರಂಭದ ಪರೀಕ್ಷೆಯಲ್ಲಿ ಎರಡು ಡೋಸ್‌ಗೆ ಶೇ 93ರಷ್ಟು ರಕ್ಷಣೆ ಕಂಡಿತ್ತು. 2005ರಿಂದ 2010ರ ಅವಧಿಯನ್ನು ನೋಡಿದ ಅಧ್ಯಯನದಲ್ಲಿ ಅದು ಶೇ 62ಕ್ಕೆ ಇಳಿದಿತ್ತು. ಬೂಸ್ಟರ್ ಸೇರಿದರೆ ಶೇ 83. ಅಂದರೆ ಪೂರ್ತಿ ಹಾಕಿಸಿಕೊಂಡವರಿಗೆ ಆಗಲೂ ಒಳ್ಳೆ ರಕ್ಷಣೆಯೇ. ಆದರೆ ಪೂರ್ತಿ ಹಾಕಿಸಿಕೊಳ್ಳುವುದು ಅಂದರೆ ಏನು? ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳಿಗೆ ಬೂಸ್ಟರ್, ಆಮೇಲೆ ಐದು ವರ್ಷ ಪ್ರತಿ ವರ್ಷ. ಚುಚ್ಚಿದ ಜಾಗ ಎರಡು ಮೂರು ದಿನ ಕೆಂಡದ ಹಾಗೆ ನೋಯುತ್ತಿತ್ತು. ಕೊಯ್ಲಿನ ಕಾಲದಲ್ಲಿ ತೋಳು ಎತ್ತಲಾಗದಿದ್ದರೆ ಕೂಲಿ ಹೋಯಿತು.

ಹಳೆಯ ಲಸಿಕೆ ಪುಸ್ತಕವೊಂದನ್ನು ನಾನು ನೋಡಿದ್ದೇನೆ. ಉದ್ದನೆಯ ರಿಜಿಸ್ಟರ್, ಅಂಚೆಲ್ಲ ಮಡಚಿತ್ತು. ಮೊದಲ ಡೋಸ್‌ನ ಕಾಲಮಿನಲ್ಲಿ ಮೇಲಿಂದ ಕೆಳಗೆ ತಾರೀಕು. ಎರಡನೆಯದರಲ್ಲಿ ಅಲ್ಲಲ್ಲಿ ಬಿಟ್ಟು ಬಿಟ್ಟು. ಬೂಸ್ಟರ್ ಕಾಲಮ್ ಹೆಚ್ಚುಕಡಿಮೆ ಖಾಲಿ. ಹಾಗೆ ಅರ್ಧಕ್ಕೆ ಬಿಟ್ಟವರಿಗೆ ಕಾಯಿಲೆ ಬಂದಾಗ ಊರಲ್ಲಿ ಹಬ್ಬಿದ ಮಾತು ‘ಲಸಿಕೆ ಹಾಕಿಸಿಕೊಂಡವರಿಗೂ ಬಂತಂತೆ’ ಅಂತ. ಮುಂದಿನ ವರ್ಷ ಮೊದಲ ಕಾಲಮಿಗೂ ಜನ ಬರಲಿಲ್ಲ. ಕೊನೆಗೆ ಲಸಿಕೆಗೆ ಬೇಕಾದಷ್ಟು ಶಕ್ತಿ ಇಲ್ಲ ಅಂತ 2022ರಲ್ಲಿ ಕೊಡುವುದನ್ನೇ ನಿಲ್ಲಿಸಿದರು. ಹಾಕಿಸಿಕೊಳ್ಳಿ ಅಂತ ಬೆನ್ನು ಹತ್ತಿದ್ದವರಿಗೆ, ಅದೇ ಮನೆಗಳಿಗೆ ಹೋಗಿ ಈಗ ಇಲ್ಲ ಅಂತ ಹೇಳುವ ಕೆಲಸವೂ ಬಿತ್ತು.

ಈ ನಡುವೆ ಎರಡು ದೊಡ್ಡ ಪೆಟ್ಟು ಬಿದ್ದಿವೆ. 2018ರ ಕೊನೆಗೆ ಶರಾವತಿ ಕಣಿವೆಯ ಅರಳಗೋಡು ಸುತ್ತ ಶುರುವಾದ ಕಾಯಿಲೆ ಮುಂದಿನ ವರ್ಷ ಅನೇಕ ಮನೆಗಳ ದೀಪ ಆರಿಸಿತು. ಗಂಭೀರವಾದವರನ್ನು ಘಟ್ಟ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಲಸಿಕೆ ನಿಂತ ಮೇಲೆ, 2024ರಲ್ಲಿ, ಉತ್ತರ ಕನ್ನಡದ ಸಿದ್ದಾಪುರ ಜಾಸ್ತಿ ನೊಂದಿತು. ಇನ್ನೂ ಹಿಂದಕ್ಕೆ ಹೋದರೆ 1983–84ರಲ್ಲಿ ಬೆಳ್ತಂಗಡಿ ಕಡೆ ಗೇರು ನೆಡಲು ಕಾಡು ಕಡಿದ ಜಾಗದ ಸುತ್ತ ಎದ್ದ ಅಲೆ. ಆ ಒಂದೇ ಸೀಸನ್‌ನಲ್ಲಿ 1,555 ಕೇಸ್, 150 ಸಾವು. ಕಾಡು ಕಡಿದು ದನ ನುಗ್ಗಿಸಿದರೆ ಉಣುಗು ಹೆಚ್ಚುತ್ತದೆ ಅಂತ ವಿಜ್ಞಾನಿ ಬೋಶೆಲ್ 1969ರಲ್ಲೇ ಬರೆದಿದ್ದರು. ದಟ್ಟ ಕಾಡಿನ ನಡುವಿಗಿಂತ ಕಾಡು, ತೋಟ, ಗದ್ದೆ ಬೆಸೆದ ಅಂಚುಗಳಲ್ಲೇ ಅಪಾಯ ಜಾಸ್ತಿ ಅಂತ ಈಚಿನ ಅಧ್ಯಯನಗಳೂ ಹೇಳುತ್ತವೆ. ಆರೋಗ್ಯ ಇಲಾಖೆ ಒಂದೇ ಈ ಕಾಯಿಲೆ ತಡೆಯಲಿ ಅನ್ನುವುದು ಅದಕ್ಕೇ ಅನ್ಯಾಯದ ಮಾತು.

ಇಷ್ಟೆಲ್ಲ ಯಾರ ಹೆಗಲ ಮೇಲಿದೆ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಹಗಲೂ ರಾತ್ರಿ ಕೂತರು. ತಿಂಗಳಿಗೆ 15 ಸಾವಿರ ಗೌರವಧನ ಕೊಡಿ ಅನ್ನೋದು ಬೇಡಿಕೆ. ಕನಿಷ್ಠ 10 ಸಾವಿರದ ಭರವಸೆ ಪಡೆದು ಊರಿಗೆ ಮರಳಿದರು. ಜನವರಿ ಅಂದರೆ ಎಳೆ ಉಣುಗು ಹೊರಬರುವ ತಿಂಗಳು ಅಲ್ವಾ? ಆ ತಿಂಗಳಲ್ಲಿ ಅವರನ್ನು ಊರು ಬಿಟ್ಟು ರಾಜಧಾನಿಯ ಬಯಲಲ್ಲಿ ಕೂರುವ ಸ್ಥಿತಿಗೆ ತಂದದ್ದು ನಮ್ಮೆಲ್ಲರ ಆರೋಗ್ಯದ ಪ್ರಶ್ನೆ ಅಂತಲೇ ನಾನು ತಿಳಿಯುತ್ತೇನೆ. ಮಂಗ ಸತ್ತ ಸುದ್ದಿ ಮೊದಲು ಬರುವುದು ಅವರ ಮೊಬೈಲ್‌ಗೆ. ಆ ಕರೆಯ ದುಡ್ಡನ್ನು, ಆ ಮನೆಗೆ ಹೋಗುವ ಆಟೋ ದುಡ್ಡನ್ನು ಅವರೇ ಕೊಡುತ್ತಿದ್ದರೆ ಎಚ್ಚರಿಕೆಯ ವ್ಯವಸ್ಥೆ ಅವರ ಕಿಸೆಯ ಮೇಲೆ ನಿಂತಿದೆ ಅಂತ ಅರ್ಥ.

ಈಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನೊಲಾಜಿಕಲ್ಸ್ ಜೊತೆ ಸೇರಿ ಹೊಸ ಲಸಿಕೆ ಅಭಿವೃದ್ಧಿ ಮಾಡುತ್ತಿದೆ. ಮಲೆನಾಡಿನ ಮಟ್ಟಿಗೆ ಇದು ವರ್ಷಗಳ ನಂತರ ಬಂದ ಒಳ್ಳೆ ಸುದ್ದಿ. ಜಗಲಿಯಲ್ಲಿ ಎಣ್ಣೆ ಹಚ್ಚುತ್ತಿದ್ದ ಆ ಆಶಾ ಕಾರ್ಯಕರ್ತೆಗೆ ನಾನು ಇದನ್ನು ಹೇಳಿದೆ. ಅವರು ಬಾಟಲಿಯ ಮುಚ್ಚಳ ತಿರುವುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು:

‘ಹೌದಾ? ಎಷ್ಟು ಡೋಸ್ ಅಂತೆ?’